ಉತ್ತರದ ಕೊಲ್ಲಿ ಬೆಚ್ಚಗೆ, ದಕ್ಷಿಣದ ಕೊಲ್ಲಿ ತಣ್ಣಗೆ: ಸ್ವಾಲ್ಬಾರ್ಡಿನ ಪ್ಲಾಂಕ್ಟನ್ ಲೆಕ್ಕ

ಭೂಪಟದಲ್ಲಿ ಸ್ವಾಲ್ಬಾರ್ಡ್ ಹುಡುಕಿ. ನಾರ್ವೆಯ ತುದಿಗೂ ಉತ್ತರ ಧ್ರುವಕ್ಕೂ ನಡುವೆ, ಹೆಚ್ಚುಕಮ್ಮಿ ಅರ್ಧ ದಾರಿಯಲ್ಲಿ ಸಿಗುವ ದ್ವೀಪಗಳ ಗುಂಪು ಅದು. ಅಲ್ಲಿನ ದೊಡ್ಡ ದ್ವೀಪದ ಹೆಸರು ಸ್ಪಿಟ್ಸ್‌ಬರ್ಗನ್. ಅದರ ಪಶ್ಚಿಮ ಕರಾವಳಿಯಲ್ಲಿ ಸಾಲಾಗಿ ಫ್ಯೋರ್ಡ್‌ಗಳಿವೆ. ಫ್ಯೋರ್ಡ್ ಅಂದರೆ ಹಿಮನದಿ ಕೊರೆದು ಬಿಟ್ಟುಹೋದ ಉದ್ದನೆಯ, ಆಳವಾದ ಕೊಲ್ಲಿ. ಅವುಗಳಲ್ಲಿ ಎರಡನ್ನು ಮಾತ್ರ ಇಲ್ಲಿ ತೆಗೆದುಕೊಳ್ಳೋಣ. ದ್ವೀಪದ ದಕ್ಷಿಣ ತುದಿ ಹತ್ತಿರ, 77 ಡಿಗ್ರಿ ಅಕ್ಷಾಂಶದಲ್ಲಿ ಹೋರ್ನ್‌ಸುಂಡ್. ಅಲ್ಲಿಂದ 200 ಕಿಲೋಮೀಟರಿಗೂ ಜಾಸ್ತಿ ಉತ್ತರಕ್ಕೆ ಹೋದರೆ, 79 ಡಿಗ್ರಿಯಲ್ಲಿ ಕೊಂಗ್ಸ್‌ಫ್ಯೋರ್ಡನ್. ಈಗ ಹೇಳಿ, ಎರಡರಲ್ಲಿ ಯಾವುದು ಹೆಚ್ಚು ತಣ್ಣಗಿರಬೇಕು? ಉತ್ತರದ್ದು ಅಲ್ವಾ?

ಅಲ್ಲ. ಹೆಚ್ಚು ತಣ್ಣಗಿರುವುದು ದಕ್ಷಿಣದ ಹೋರ್ನ್‌ಸುಂಡ್. ಧ್ರುವಕ್ಕೆ ಹತ್ತಿರವಿರುವ ಕೊಂಗ್ಸ್‌ಫ್ಯೋರ್ಡನ್‌ನ ನೀರೇ ಬೆಚ್ಚಗೆ.

ಈ ತಲೆಕೆಳಗಾದ ಲೆಕ್ಕ ಮೊದಲ ಸಲ ಓದಿದಾಗ ಅಚ್ಚಿನ ತಪ್ಪಿರಬೇಕು ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಆ ಎರಡು ಕೊಲ್ಲಿಗಳ ನೀರಿನಲ್ಲಿ ತೇಲುವ ಸಣ್ಣ ಜೀವಿಗಳ ಇಡೀ ಕಥೆ ಇದರ ಮೇಲೇ ನಿಂತಿದೆ. ಆ ಜೀವಿಗಳು ಯಾರು, ಎರಡು ಕಡೆ ಬೇರೆ ಬೇರೆ ಯಾಕೆ, ಅವನ್ನು ತಿಂದು ಬದುಕುವ ಹಕ್ಕಿಗೆ ಇದರಿಂದ ಏನಾಗುತ್ತದೆ, ಕೊನೆಗೆ ಎಣಿಸಲು ಹೋದವರೇ ಎಲ್ಲಿ ಎಡವಿದರು, ಅದನ್ನೆಲ್ಲ ಒಂದೊಂದಾಗಿ ನೋಡೋಣ.

ಹೈವೇ ಮತ್ತು ಸರ್ವಿಸ್ ರೋಡ್

ಪಶ್ಚಿಮ ಕರಾವಳಿಯ ಹೊರಗೆ ಎರಡು ಪ್ರವಾಹಗಳು ಅಕ್ಕಪಕ್ಕದಲ್ಲೇ ಉತ್ತರಕ್ಕೆ ಹರಿಯುತ್ತವೆ. ದಡದಿಂದ ದೂರದಲ್ಲಿ, ಸಮುದ್ರದ ತಳ ಆಳಕ್ಕೆ ಇಳಿಯುವ ಅಂಚು ಹಿಡಿದು ಹೋಗುವುದು ವೆಸ್ಟ್ ಸ್ಪಿಟ್ಸ್‌ಬರ್ಗನ್ ಪ್ರವಾಹ. ಅಟ್ಲಾಂಟಿಕ್‌ನಿಂದ ನಾರ್ವೆಯ ಪಕ್ಕದಲ್ಲಿ ಹತ್ತಿ ಬಂದ ನೀರು ಅದು, ಬೆಚ್ಚಗೆ, ಉಪ್ಪೂ ಜಾಸ್ತಿ. ಇದನ್ನು ಹೈವೇ ಅನ್ನಿ. ಇನ್ನೊಂದು ದ್ವೀಪದ ಪೂರ್ವ ಭಾಗದಲ್ಲಿ, ಬ್ಯಾರೆಂಟ್ಸ್ ಸಮುದ್ರದ ಕಡೆ ಹುಟ್ಟುವ ತಣ್ಣನೆ ನೀರು. ಅದು ದಕ್ಷಿಣದ ಸೋರ್‌ಕಾಪ್ ಮೂಲೆಯನ್ನು ಸುತ್ತಿಕೊಂಡು ಬಂದು ದಡಕ್ಕೆ ಅಂಟಿಕೊಂಡೇ ಮೇಲಕ್ಕೆ ಹೋಗುತ್ತದೆ. ಇದು ಸರ್ವಿಸ್ ರೋಡ್.

ಮೂಲೆ ತಿರುಗಿದ ಕೂಡಲೇ ಸಿಗುವ ಮೊದಲ ದೊಡ್ಡ ಬಾಗಿಲು ಹೋರ್ನ್‌ಸುಂಡ್. ಹಾಗಾಗಿ ಅಲ್ಲಿಗೆ ತಣ್ಣೀರು ಬಂದಹಾಗೆಯೇ ನುಗ್ಗುತ್ತದೆ, ದೂರದ ಬೆಚ್ಚನೆ ನೀರಿಗೆ ಅದು ಅಡ್ಡ ನಿಂತಹಾಗೂ ಆಗುತ್ತದೆ. ಉತ್ತರಕ್ಕೆ ಹೋಗುತ್ತ ಹೋಗುತ್ತ ಎರಡೂ ಬೆರೆಯುತ್ತವೆ. ಕೊಂಗ್ಸ್‌ಫ್ಯೋರ್ಡನ್ ತಲುಪುವ ಹೊತ್ತಿಗೆ ಸರ್ವಿಸ್ ರೋಡಿನ ತಣ್ಣೀರಿಗೆ ಮೊದಲಿನ ಜೋರು ಉಳಿದಿರುವುದಿಲ್ಲ. ಅದೂ ಅಲ್ಲದೆ ಕೊಂಗ್ಸ್‌ಫ್ಯೋರ್ಡನ್‌ನ ಬಾಯಿಯಲ್ಲಿ ನೀರನ್ನು ತಡೆಯುವ ಎತ್ತರದ ಹೊಸಿಲಿಲ್ಲ. ಹೊರಗಿನ ಸಮುದ್ರದ ತಳದಲ್ಲಿ ಆಳವಾದ ಕಣಿವೆಯೊಂದು ನೇರವಾಗಿ ಕೊಲ್ಲಿಯ ಬಾಯಿಗೆ ಬಂದು ಸೇರುತ್ತದೆ. ಗಾಳಿ ಸರಿಯಾಗಿ ಬೀಸಿದರೆ ಸಾಕು, ಹೈವೇಯ ನೀರು ಆ ಕಣಿವೆ ಹಿಡಿದು ಒಳಗೆ ಬಂದುಬಿಡುತ್ತದೆ.

ಪ್ಲಾಂಕ್ಟನ್, ಅಂದರೆ ನಮ್ಮ ಶಾಲೆಯ ಪುಸ್ತಕದ ಪ್ಲವಕ, ಪ್ರವಾಹಕ್ಕೆ ಎದುರಾಗಿ ಈಜಲಾರದ ಜೀವಿ. ಮೇಲೆ ಕೆಳಗೆ ಓಡಾಡಬಲ್ಲದು, ಆದರೆ ಯಾವ ಊರಿಗೆ ಹೋಗುವುದು ಅನ್ನುವುದು ಅದರ ಕೈಯಲ್ಲಿಲ್ಲ. ಆದ್ದರಿಂದ ಒಂದು ಫ್ಯೋರ್ಡ್‌ನಲ್ಲಿ ಯಾರಿದ್ದಾರೆ ಅಂತ ಕೇಳುವ ಮುಂಚೆ ಅಲ್ಲಿಗೆ ಬಂದ ನೀರು ಎಲ್ಲಿಯದು ಅಂತ ಕೇಳಬೇಕು. ಅಕ್ಷಾಂಶ ನೋಡಿ ಊಹಿಸಿದರೆ ತಪ್ಪುತ್ತೇವೆ.

ಮೂರು ಅಣ್ಣತಮ್ಮಂದಿರು

ಈ ಸಮುದ್ರಗಳಲ್ಲಿ ತೂಕದ ಲೆಕ್ಕದಲ್ಲಿ ಯಜಮಾನಿಕೆ ಕಲಾನಸ್ ಅನ್ನುವ ಕೋಪೆಪಾಡ್‌ಗಳದ್ದು. ಕೋಪೆಪಾಡ್ ಸೀಗಡಿ, ಏಡಿಗಳ ಬಳಗಕ್ಕೆ ಸೇರಿದ್ದು. ಒಂದು ಕಾಳಿನಂಥ ಮೈ, ತಲೆಯಿಂದ ಎರಡೂ ಕಡೆ ಚಾಚಿದ ಉದ್ದನೆಯ ಮೀಸೆ, ಅಷ್ಟೇ. ಇಲ್ಲಿ ಮೂರು ಜಾತಿಗಳು ಮುಖ್ಯ.

ಕಿರಿಯವನು ಕಲಾನಸ್ ಫಿನ್‌ಮಾರ್ಕಿಕಸ್. ಅಟ್ಲಾಂಟಿಕ್ ನೀರಿನವನು. ಬೆಳೆದ ಹೆಣ್ಣು ಎರಡೂವರೆ, ಮೂರು ಮಿಲಿಮೀಟರ್ ಇರುತ್ತದೆ, ಅಂದರೆ ಸಾಸಿವೆ ಕಾಳಿಗಿಂತ ಸ್ವಲ್ಪ ಉದ್ದ. ಸಾಮಾನ್ಯವಾಗಿ ಒಂದೇ ವರ್ಷದಲ್ಲಿ ಹುಟ್ಟು, ಮೊಟ್ಟೆ, ಸಾವು ಎಲ್ಲ ಮುಗಿಯುತ್ತದೆ. ನಡುವಿನವನು ಗ್ಲೇಸಿಯಾಲಿಸ್. ಆರ್ಕ್ಟಿಕ್‌ನ ಆಳ ಕಡಿಮೆ ಇರುವ ಕರಾವಳಿ ಸಮುದ್ರಗಳೇ ಇವನ ಮನೆ. ಸ್ವಲ್ಪ ದೊಡ್ಡವನು, ಒಂದರಿಂದ ಮೂರು ವರ್ಷದ ಬದುಕು. ಹಿರಿಯವನು ಹೈಪರ್‌ಬೋರಿಯಸ್. ಆಳ ಸಮುದ್ರದವನು, ಗ್ರೀನ್‌ಲ್ಯಾಂಡ್ ಸಮುದ್ರ ಮತ್ತು ಆರ್ಕ್ಟಿಕ್ ಮಹಾಸಾಗರದ ಕಡೆಯವನು. ಅಕ್ಕಿ ಕಾಳಿನಷ್ಟು ಉದ್ದ ಬೆಳೆಯುತ್ತಾನೆ, ಹಲವು ವರ್ಷ ಬದುಕುತ್ತಾನೆ.

ಮೂವರದ್ದೂ ಒಂದೇ ಕಸುಬು: ಕೊಬ್ಬು ಕೂಡಿಡುವುದು. ವರ್ಷದಲ್ಲಿ ಕೆಲವೇ ವಾರ ಪಾಚಿ ಬೆಳೆಯುವ ಸಮುದ್ರದಲ್ಲಿ ಬದುಕಬೇಕಾದರೆ ಬೇರೆ ದಾರಿಯಿಲ್ಲ. ವಸಂತದಲ್ಲಿ ಪಾಚಿ ತಿಂದು ಅದನ್ನು ಮೇಣದಂಥ ಎಣ್ಣೆಯಾಗಿ ಮಾಡಿ ಹೊಟ್ಟೆಯ ಉದ್ದಕ್ಕೂ ಒಂದು ಚೀಲದಲ್ಲಿ ತುಂಬಿಕೊಳ್ಳುತ್ತವೆ. ಒಣ ತೂಕದ ಅರ್ಧಕ್ಕಿಂತ ಜಾಸ್ತಿ ಬರೀ ಕೊಬ್ಬೇ ಆಗಿರುವುದುಂಟು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಾಜಿನ ಮೈಯೊಳಗೆ ಎಣ್ಣೆಯ ಹೊಳೆಯುವ ಸೀಸೆ ಇಟ್ಟಹಾಗೆ ಕಾಣುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಆಳಕ್ಕೆ ಇಳಿದು ಸುಮ್ನೆ ಮಲಗಿಬಿಡುತ್ತವೆ, ಮುಂದಿನ ವಸಂತದವರೆಗೆ.

ಕೊಬ್ಬಿನ ವಿಷಯದಲ್ಲಿ ಅಣ್ಣತಮ್ಮಂದಿರ ನಡುವೆ ಅಂತರ ದೊಡ್ಡದು. ಹಿಂದಿನ ಅಳತೆಗಳ ಪ್ರಕಾರ ಒಂದು ಗ್ಲೇಸಿಯಾಲಿಸ್‌ನಲ್ಲಿ ಒಂದು ಫಿನ್‌ಮಾರ್ಕಿಕಸ್‌ಗಿಂತ ಸುಮಾರು ಹತ್ತು ಪಟ್ಟು ಕೊಬ್ಬು. ಹೈಪರ್‌ಬೋರಿಯಸ್‌ನಲ್ಲಿ ಇನ್ನೂ ಜಾಸ್ತಿ. ಉದ್ದ ಒಂದೆರಡು ಮಿಲಿಮೀಟರ್ ಹೆಚ್ಚಾದರೆ ಹೊಟ್ಟೆಯ ಜಾಗ ಎಷ್ಟೋ ಪಟ್ಟು ಹೆಚ್ಚುತ್ತದೆ, ಅದೇ ಕಾರಣ. ಈ ಹತ್ತು ಪಟ್ಟಿನ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಇದರ ಜೊತೆ ಜಗಳ ಇದೆ.

ಒಂದು ಹಳೆಯ ಕಥೆ ನಡುವೆ ಹೇಳಿಬಿಡುತ್ತೇನೆ. 17ನೇ ಶತಮಾನದಲ್ಲಿ ಡಚ್ಚರು ಸ್ಪಿಟ್ಸ್‌ಬರ್ಗನ್ನಿನ ವಾಯವ್ಯ ಮೂಲೆಯಲ್ಲಿ ಸ್ಮೀರೆನ್‌ಬರ್ಗ್ ಅಂತ ಒಂದು ಠಾಣೆ ಹಾಕಿದ್ದರು. ಆ ಹೆಸರಿನ ಅರ್ಥವೇ ಕೊಬ್ಬಿನ ಊರು. ತಿಮಿಂಗಿಲ ಹಿಡಿದು, ದೊಡ್ಡ ಒಲೆಗಳ ಮೇಲೆ ಅದರ ಕೊಬ್ಬು ಕಾಯಿಸಿ ಎಣ್ಣೆ ತೆಗೆಯುತ್ತಿದ್ದರು. ಅವರು ಹಿಡಿದ ಬೋಹೆಡ್ ತಿಮಿಂಗಿಲಗಳು ಬಾಯಿ ತೆರೆದು ನೀರು ಸೋಸಿ ತಿನ್ನುತ್ತಿದ್ದದ್ದು ಇದೇ ಕಲಾನಸ್‌ಗಳನ್ನು. ಯುರೋಪಿನ ದೀಪಗಳಲ್ಲಿ ಉರಿದದ್ದು ಒಂದು ಲೆಕ್ಕದಲ್ಲಿ ಈ ಕಾಳುಗಳ ಎಣ್ಣೆಯೇ. ತಿಮಿಂಗಿಲಗಳು ಅಲ್ಲಿ ಹೆಚ್ಚುಕಮ್ಮಿ ಮುಗಿದೇಹೋದವು. ಅವು ಬಿಟ್ಟುಹೋದ ಊಟ ಸಣ್ಣ ಮೀನುಗಳಿಗೆ, ಹಕ್ಕಿಗಳಿಗೆ ಸಿಕ್ಕಿರಬೇಕು ಅನ್ನುವ ವಾದ ಪೋಲೆಂಡಿನ ಸಂಶೋಧಕರದ್ದು. ಸಾಬೀತು ಮಾಡುವುದು ಕಷ್ಟ, ಆದರೆ ನನಗೆ ಒಪ್ಪಬಹುದಾದ ವಾದ ಅನಿಸುತ್ತದೆ.

ಬಲೆಯಲ್ಲಿ ಏನು ಬಂತು

ಹೋರ್ನ್‌ಸುಂಡ್‌ನಲ್ಲಿ ಪೋಲೆಂಡಿನವರ ಠಾಣೆ 1957ರಿಂದ ಇದೆ. ಕೊಂಗ್ಸ್‌ಫ್ಯೋರ್ಡನ್‌ನ ದಡದಲ್ಲಿ ನ್ಯೂ-ಓಲೆಸುಂಡ್ ಅನ್ನುವ ಊರಿದೆ. ಮೊದಲು ಕಲ್ಲಿದ್ದಲು ಗಣಿಯ ಊರು. 1962ರಲ್ಲಿ ಸ್ಫೋಟವಾಗಿ 21 ಜನ ಸತ್ತ ಮೇಲೆ ಗಣಿ ಮುಚ್ಚಿತು, ಈಗ ಹಲವು ದೇಶಗಳ ಸಂಶೋಧನಾ ಕೇಂದ್ರಗಳಿವೆ. ಎರಡೂ ಕಡೆ ದಶಕಗಳಿಂದ ಬಲೆ ಇಳಿಸಿ ಎತ್ತುತ್ತಿದ್ದಾರೆ, ಹಾಗಾಗಿ ಹೋಲಿಸಲು ಇದಕ್ಕಿಂತ ಒಳ್ಳೆ ಜೋಡಿ ಸಿಗುವುದು ಕಷ್ಟ.

ಬಲೆ ಅಂದರೆ ಮೀನಿನ ಬಲೆಯಲ್ಲ. ರೇಷ್ಮೆ ಬಟ್ಟೆಯಂಥ ನಯವಾದ ಜಾಲರಿಯ ಉದ್ದನೆಯ ಚೀಲ, ಕಣ್ಣು ಸುಮಾರು 0.2 ಮಿಲಿಮೀಟರ್. ಕೆಳಗಿನಿಂದ ನೇರವಾಗಿ ಮೇಲಕ್ಕೆ ಎಳೆಯುತ್ತಾರೆ. ಕೆಲವು ಬಲೆಗಳಲ್ಲಿ ನಾಲ್ಕೈದು ಚೀಲ ಇರುತ್ತವೆ, ಬೇರೆ ಬೇರೆ ಆಳದಲ್ಲಿ ಒಂದೊಂದೇ ತೆರೆದು ಮುಚ್ಚುತ್ತವೆ. ಸಿಕ್ಕಿದ್ದನ್ನು ಫಾರ್ಮಲಿನ್ ಹಾಕಿದ ಬಾಟಲಿಗೆ ಸುರಿದು, ಲ್ಯಾಬಿನಲ್ಲಿ ಕೂತು ಒಂದೊಂದಾಗಿ ಎಣಿಸುತ್ತಾರೆ. ಕಣ್ಣು, ಕತ್ತು ಎರಡೂ ನೋಯುವ ಕೆಲಸ.

ತಲೆ ಎಣಿಸಿದರೆ ಎರಡೂ ಕಡೆ ಗೆಲ್ಲುವುದು ಕಲಾನಸ್ ಅಲ್ಲ. ಓಯಿಥೋನಾ ಸಿಮಿಲಿಸ್ ಅನ್ನುವ, ಒಂದು ಮಿಲಿಮೀಟರ್ ಕೂಡ ಇಲ್ಲದ ಕೋಪೆಪಾಡ್. ಬೆಚ್ಚಗಿರಲಿ ತಣ್ಣಗಿರಲಿ, ಅದಕ್ಕೆ ಎಲ್ಲವೂ ಒಂದೇ. ಅದರ ಮರಿಗಳಂತೂ ಬಲೆಯ ಕಣ್ಣಿನಿಂದಲೇ ನುಸುಳಿ ಹೋಗುತ್ತವೆ. ಹಾಗಾಗಿ ಹಳೆಯ ಲೆಕ್ಕಗಳಲ್ಲಿ ಈ ಸಣ್ಣವರ ಸಂಖ್ಯೆ ನಿಜಕ್ಕಿಂತ ಕಡಿಮೆ ಅಂತಲೇ ಓದಬೇಕು. ದೊಡ್ಡ ಬಲೆಯಲ್ಲಿ ಸಿಕ್ಕಿದ್ದೇ ಸಮುದ್ರ ಅಂದುಕೊಳ್ಳುವುದು ಹಳೆ ಕಾಯಿಲೆ.

ಫರಕು ಕಾಣುವುದು ದೊಡ್ಡವರಲ್ಲಿ. ಹೋರ್ನ್‌ಸುಂಡ್‌ನಲ್ಲಿ ಗ್ಲೇಸಿಯಾಲಿಸ್‌ನ ಪಾಲು ಜಾಸ್ತಿ. ಕೊಂಗ್ಸ್‌ಫ್ಯೋರ್ಡನ್‌ನಲ್ಲಿ ಗ್ಲೇಸಿಯಾಲಿಸ್ ಇದ್ದೇ ಇದೆ, ಆದರೆ ಜೊತೆಗೆ ಫಿನ್‌ಮಾರ್ಕಿಕಸ್ ದಂಡಿಯಾಗಿ ಬರುತ್ತದೆ, ಬೆಚ್ಚನೆ ನೀರು ಹೆಚ್ಚು ನುಗ್ಗಿದ ವರ್ಷಗಳಲ್ಲಿ ಇನ್ನೂ ಜಾಸ್ತಿ. ಬೇಟೆಗಾರರಲ್ಲೂ ಇದೇ ಪಾಳಿ. ತೆಮಿಸ್ಟೊ ಅನ್ನುವ ದೊಡ್ಡ ಕಣ್ಣಿನ, ಸೀಗಡಿಯಂಥ ಪ್ರಾಣಿಯಲ್ಲಿ ಲಿಬೆಲ್ಲುಲಾ ಅನ್ನುವ ಜಾತಿ ತಣ್ಣೀರಿನದು, ಇಂಚಿಗೂ ಉದ್ದ ಬೆಳೆಯುತ್ತದೆ. ಅಬಿಸೋರಮ್ ಅನ್ನುವ ಜಾತಿ ಅಟ್ಲಾಂಟಿಕ್ ಕಡೆಯದು, ಅದಕ್ಕಿಂತ ಚಿಕ್ಕದು. ಒಂದು ಬಾಟಲಿಯಲ್ಲಿ ಯಾವ ತೆಮಿಸ್ಟೊ ಜಾಸ್ತಿ ಇದೆ ಅಂತ ನೋಡಿದರೆ ಆ ನೀರಿನ ಹುಟ್ಟೂರು ಊಹಿಸಬಹುದು. ಲಿಮಾಸಿನಾ ಅನ್ನುವ, ರೆಕ್ಕೆ ಬಡಿಯುತ್ತ ಈಜುವ ಪುಟಾಣಿ ಬಸವನಹುಳು ಇದೆ, ಅದನ್ನು ಮಾತ್ರ ತಿಂದು ಬದುಕುವ ಕ್ಲಿಯೋನೆ ಇದೆ. ಕ್ಲಿಯೋನೆಯನ್ನು ಸಮುದ್ರದ ದೇವದೂತ ಅಂತ ಕರೆಯುತ್ತಾರೆ. ಊಟ ಮಾಡುವಾಗ ಅದರ ತಲೆಯಿಂದ ಕೊಕ್ಕೆಗಳು ಹೊರಬರುವುದನ್ನು ನೋಡಿದವರು ಆ ಹೆಸರು ಇಡುತ್ತಿರಲಿಲ್ಲ.

ಒಂದೇ ಫ್ಯೋರ್ಡ್ ಒಳಗೂ ಎಲ್ಲ ಕಡೆ ಒಂದೇ ತರಹ ಇಲ್ಲ. ಕೊಂಗ್ಸ್‌ಫ್ಯೋರ್ಡನ್‌ನ ಒಳತುದಿಯಲ್ಲಿ ಕ್ರೋನೆಬ್ರೇನ್‌ನಂಥ ಹಿಮನದಿಗಳು ನೇರ ಸಮುದ್ರಕ್ಕೆ ಬಂದು ನಿಲ್ಲುತ್ತವೆ. ಬೇಸಿಗೆಯಲ್ಲಿ ಹಿಮನದಿಯ ತಳದಿಂದ ಕರಗಿದ ಸಿಹಿನೀರು ಹೊರಬರುತ್ತದೆ, ಹಗುರವಾದ್ದರಿಂದ ರಭಸವಾಗಿ ಮೇಲೇಳುತ್ತದೆ, ಏಳುವಾಗ ಆಳದ ಉಪ್ಪುನೀರನ್ನೂ ಅದರಲ್ಲಿರುವ ಪ್ಲಾಂಕ್ಟನ್ನನ್ನೂ ಎಳೆದುಕೊಂಡು ಬರುತ್ತದೆ. ಉಪ್ಪಿನಲ್ಲೇ ಬದುಕಿದ ಜೀವಿಗೆ ಏಕಾಏಕಿ ಮಣ್ಣು ಬೆರೆತ ಸಿಹಿನೀರಿನ ಪದರ ಸಿಕ್ಕರೆ ಗತಿ ಏನು? ಮರಗಟ್ಟಿಹೋಗುತ್ತದೆ, ಬಹಳಷ್ಟು ಸತ್ತೇ ಹೋಗುತ್ತವೆ. ಕಿಟಿವೇಕ್ ಅನ್ನುವ ಕಡಲಹಕ್ಕಿಗಳಿಗೆ ಇದು ಚೆನ್ನಾಗಿ ಗೊತ್ತು. ಹಿಮನದಿಯ ಮುಂದಿನ ಆ ಕಂದು ನೀರಿನ ಮೇಲೆ ಗುಂಪು ಗುಂಪಾಗಿ ಕೂತು, ಕೈಗೆ ಸಿಕ್ಕಹಾಗೆ ಹೆಕ್ಕಿ ತಿನ್ನುತ್ತವೆ. ಸತ್ತವು ತಳಕ್ಕೆ ಬಿದ್ದು ಅಲ್ಲಿನ ಹುಳಗಳಿಗೆ ಊಟವಾಗುತ್ತವೆ.

ಹಕ್ಕಿಯೇ ಇನ್ನೊಂದು ಬಲೆ

ವಿಜ್ಞಾನಿಗಳ ಬಲೆಗಿಂತ ಚುರುಕಾದ ಬಲೆಯೊಂದು ಅಲ್ಲಿ ಹಾರಾಡುತ್ತದೆ. ಲಿಟಲ್ ಆಕ್. ಕಪ್ಪು ಬಿಳುಪಿನ ಗಿಡ್ಡ ಹಕ್ಕಿ, ತೂಕ 160 ಗ್ರಾಂ ಆಸುಪಾಸು, ಒಂದು ಲೋಟ ನೀರಿಗಿಂತ ಕಡಿಮೆ. ಸ್ವಾಲ್ಬಾರ್ಡಿನಲ್ಲಿ ಹತ್ತು ಲಕ್ಷ ಜೋಡಿಗೂ ಮೇಲೆ ಇವೆ ಅನ್ನುವ ಅಂದಾಜಿದೆ. ಹೋರ್ನ್‌ಸುಂಡ್‌ನ ಬೆಟ್ಟದ ಇಳಿಜಾರಿನ ಬಂಡೆಗಳ ಸಂದಿನಲ್ಲಿ ಇವುಗಳ ದೊಡ್ಡ ಕಾಲೊನಿಗಳಿವೆ. ಹಕ್ಕಿಗಳ ಹಿಕ್ಕೆ ಗೊಬ್ಬರವಾಗಿ ಕೆಳಗಿನ ನೆಲ ಹಸಿರಾಗಿರುತ್ತದೆ, ಅದನ್ನು ಹಿಮಸಾರಂಗಗಳು ಮೇಯುತ್ತವೆ. ಕೋಪೆಪಾಡ್‌ನ ಕೊಬ್ಬು ಗುಡ್ಡ ಹತ್ತಿ ಹುಲ್ಲಾಗುವ ದಾರಿ ಇದು.

ಈ ಹಕ್ಕಿ ಮುಖ್ಯವಾಗಿ ಕೋಪೆಪಾಡ್ ತಿಂದೇ ಬದುಕುತ್ತದೆ. ಪೂರ್ವ ಗ್ರೀನ್‌ಲ್ಯಾಂಡಿನಲ್ಲಿ ಲೆಕ್ಕ ಹಾಕಿದವರು ಒಂದು ಹಕ್ಕಿಗೆ ದಿನಕ್ಕೆ ಸುಮಾರು 60,000 ಕೋಪೆಪಾಡ್ ಬೇಕು ಅಂದಿದ್ದಾರೆ. ನೀರಿನೊಳಗೆ ಇರುವ ಸಮಯಕ್ಕೆ ಭಾಗಿಸಿದರೆ ಸೆಕೆಂಡಿಗೆ ಆರು. ಬಾಯಿ ತೆರೆದು ಸೋಸುತ್ತದೇನೋ ಅಂತ ಬಹಳ ಕಾಲ ಅಂದುಕೊಂಡಿದ್ದರು. ಗಾಜಿನ ತೊಟ್ಟಿಯಲ್ಲಿ ಕ್ಯಾಮೆರಾ ಇಟ್ಟು ನೋಡಿದಾಗ ಗೊತ್ತಾಯಿತು: ಒಂದೊಂದನ್ನೇ ಕಣ್ಣಿನಿಂದ ನೋಡಿ, ಗಂಟಲು ಹಿಗ್ಗಿಸಿ ಸರಕ್ಕನೆ ಹೀರಿಕೊಳ್ಳುತ್ತದೆ. ಆರಿಸಿ ತಿನ್ನುವ ಹಕ್ಕಿ ಅಂದಮೇಲೆ ಕಾಳಿನ ಗಾತ್ರ ಮುಖ್ಯವಾಗುತ್ತದೆ. ಒಂದು ಗುಟುಕಿಗೆ ಹತ್ತು ಪಟ್ಟು ಎಣ್ಣೆ ಸಿಗುವ ಕಾಳು ಪಕ್ಕದಲ್ಲಿದ್ದರೆ ಯಾರು ತಾನೆ ಸಣ್ಣದನ್ನು ಹೆಕ್ಕುತ್ತಾರೆ?

ಹೋರ್ನ್‌ಸುಂಡ್ ಕಡೆಯ ಹಕ್ಕಿಗಳನ್ನು ಹಿಂಬಾಲಿಸಿದಾಗ ಕಂಡದ್ದೂ ಇದೇ. ಅವು ತಣ್ಣೀರಿನ ಸರ್ವಿಸ್ ರೋಡಿನಲ್ಲೇ ಮುಳುಗುತ್ತವೆ. ಮರಿಗೆ ತರುವ ಗಂಟಲ ಚೀಲದಲ್ಲಿ ಗ್ಲೇಸಿಯಾಲಿಸ್‌ನ ಐದನೇ ಹಂತದ, ಅಂದರೆ ಪ್ರಾಯಕ್ಕೆ ಬರುವ ಮುಂಚಿನ, ಕೊಬ್ಬು ತುಂಬಿದ ಮರಿಗಳೇ ಹೆಚ್ಚು. ಬಲೆಯಲ್ಲಿ ಫಿನ್‌ಮಾರ್ಕಿಕಸ್ ಎಷ್ಟೇ ಇದ್ದರೂ ಹಕ್ಕಿಯ ಚೀಲದಲ್ಲಿ ಅದರ ಪಾಲು ಕಡಿಮೆ. ಬೆಚ್ಚನೆ ನೀರಿನ ಕಡೆಯ ಕಾಲೊನಿಗಳಲ್ಲಿ ಕಷ್ಟ ಜಾಸ್ತಿ. ಒಳ್ಳೆಯ ಊಟ ಹುಡುಕಿ ದೂರ ಹೋಗಬೇಕು, ಕೆಲವೊಮ್ಮೆ ಮಂಜುಗಡ್ಡೆಯ ಅಂಚಿನವರೆಗೂ. ಈ ಹಕ್ಕಿಗಳ ಒಂದು ಅಭ್ಯಾಸ ನನಗೆ ಬಹಳ ಹಿಡಿಸಿತು: ಮರಿಗೆ ಊಟ ತರಲು ಹತ್ತಿರಕ್ಕೆ ನಾಲ್ಕಾರು ಸಲ ಹೋಗಿ ಬರುತ್ತವೆ, ಆಮೇಲೆ ಒಂದು ಸಲ ದೂರ ಹೋಗಿ ಗಂಟೆಗಟ್ಟಲೆ ಕಳೆದು ತಮ್ಮ ಹೊಟ್ಟೆಯನ್ನೂ ನೋಡಿಕೊಂಡು ಬರುತ್ತವೆ. ಗೂಡಲ್ಲಿ ಒಂದೇ ಮರಿ, ಅದಕ್ಕೆ ಅಪ್ಪ ಅಮ್ಮ ಇಬ್ಬರ ದುಡಿಮೆ. ನೀರು ಬೆಚ್ಚಗಾದ ವರ್ಷಗಳಲ್ಲಿ ಮರಿಗಳು ಹೇಗೋ ಬೆಳೆದುಬಿಡುತ್ತವೆ, ಪೆಟ್ಟು ಬೀಳುವುದು ದೊಡ್ಡವರಿಗೆ. ಸ್ವಾಲ್ಬಾರ್ಡಿನಲ್ಲಿ ಸಮುದ್ರ ಬೆಚ್ಚಗಾದಾಗ ದೊಡ್ಡ ಹಕ್ಕಿಗಳು ಬದುಕಿ ಉಳಿಯುವ ಪ್ರಮಾಣ ಇಳಿದದ್ದನ್ನು ದಾಖಲಿಸಿದ್ದಾರೆ.

2006ರ ಆ ಚಳಿಗಾಲ

ಕೊಂಗ್ಸ್‌ಫ್ಯೋರ್ಡನ್ ಯಾವಾಗಲೂ ಈಗಿನಷ್ಟು ಬೆಚ್ಚಗಿರಲಿಲ್ಲ. ಮೊದಲೆಲ್ಲ ಚಳಿಗಾಲದಲ್ಲಿ ತಣ್ಣೀರು ಕೊಲ್ಲಿಯನ್ನು ಆಳುತ್ತಿತ್ತು, ಒಳಭಾಗದಲ್ಲಿ ಗಟ್ಟಿ ಮಂಜುಗಡ್ಡೆ ಕಟ್ಟುತ್ತಿತ್ತು. ಬೇಸಿಗೆ ಬಂದಮೇಲೆ ಅಟ್ಲಾಂಟಿಕ್ ನೀರು ಬರುತ್ತಿತ್ತು. 2005-06ರ ಚಳಿಗಾಲದಲ್ಲಿ ಗಾಳಿಯ ದಿಕ್ಕು ಬದಲಾಗಿ ಹೈವೇಯ ನೀರು ನಡು ಚಳಿಗಾಲದಲ್ಲೇ ಕರಾವಳಿಯ ಮೇಲೆ ಹತ್ತಿ ಫ್ಯೋರ್ಡ್ ಒಳಗೆ ನುಗ್ಗಿತು. ಮಂಜುಗಡ್ಡೆ ಕಟ್ಟಲಿಲ್ಲ. ಅಲ್ಲಿಂದಾಚೆ ಹಳೆಯ ತರಹದ ಮಂಜುಗಡ್ಡೆ ಕಂಡ ಚಳಿಗಾಲಗಳು ಅಪರೂಪ.

ಮಂಜುಗಡ್ಡೆ ಹೋದರೆ ಪ್ಲಾಂಕ್ಟನ್‌ಗೆ ಏನು ನಷ್ಟ? ಇದಕ್ಕೆ ಉತ್ತರ ಸ್ವಾಲ್ಬಾರ್ಡಿನ ಇನ್ನೂ ಉತ್ತರದ ರೈಪ್‌ಫ್ಯೋರ್ಡನ್‌ನಲ್ಲಿ ಸಿಕ್ಕಿತು. ಅಲ್ಲಿ ಏಪ್ರಿಲ್ ಕೊನೆಗೆ ಮಂಜುಗಡ್ಡೆಯ ತಳದಲ್ಲಿ ಪಾಚಿ ಬೆಳೆಯುತ್ತದೆ. ಹೆಣ್ಣು ಗ್ಲೇಸಿಯಾಲಿಸ್ ಅದನ್ನು ತಿಂದು ಮೊಟ್ಟೆ ಇಡುತ್ತದೆ. ಸುಮಾರು ಎರಡು ತಿಂಗಳ ನಂತರ ಮಂಜುಗಡ್ಡೆ ಒಡೆದು ನೀರಿನಲ್ಲಿ ಎರಡನೇ ಸಲ ಪಾಚಿ ಏಳುವ ಹೊತ್ತಿಗೆ ಮರಿಗಳು ತಿನ್ನುವಷ್ಟು ದೊಡ್ಡವಾಗಿರುತ್ತವೆ. ಮೊದಲ ಊಟ ತಾಯಿಗೆ, ಎರಡನೆಯದು ಮಕ್ಕಳಿಗೆ. ಇದರಲ್ಲಿ ಒಂದು ಊಟ ತಪ್ಪಿದರೂ ಹೊಂದಾಣಿಕೆ ಕೆಡುತ್ತದೆ. ಹೈಪರ್‌ಬೋರಿಯಸ್‌ಗೆ ಈ ಚಿಂತೆ ಕಡಿಮೆ, ಅದು ಚಳಿಗಾಲದಲ್ಲೇ ಆಳದಲ್ಲಿ ಕೂಡಿಟ್ಟ ಕೊಬ್ಬಿನ ಬಲದಿಂದ ಮೊಟ್ಟೆ ಇಟ್ಟು, ಮೊಟ್ಟೆಗಳನ್ನು ಮೇಲಕ್ಕೆ ತೇಲಿಬಿಡುತ್ತದೆ.

ಹಾಗಾದರೆ 2006ರ ನಂತರ ಕೊಂಗ್ಸ್‌ಫ್ಯೋರ್ಡನ್‌ನಲ್ಲಿ ಗ್ಲೇಸಿಯಾಲಿಸ್ ಮಾಯವಾಯಿತೇ? ಇಲ್ಲ. 1996ರಿಂದ ಪ್ರತಿ ಬೇಸಿಗೆ ಬಲೆ ಎಳೆದ ಲೆಕ್ಕ ಅಲ್ಲಿದೆ. ಅದನ್ನು ನೋಡಿದರೆ ಒಂದು ನೇರ ಗೆರೆ ಸಿಗುವುದಿಲ್ಲ. ಬೆಚ್ಚನೆ ನೀರಿನವರ ಪಾಲು ಏರಿದ ವರ್ಷಗಳಿವೆ, ಮತ್ತೆ ಇಳಿದ ವರ್ಷಗಳಿವೆ, ತಣ್ಣೀರಿನವರು ಇನ್ನೂ ಗಟ್ಟಿಯಾಗಿ ಕೂತಿದ್ದಾರೆ. ಪತ್ರಿಕೆಗಳಲ್ಲಿ ಬರುವ 'ಆರ್ಕ್ಟಿಕ್ ಜೀವಿಗಳ ಜಾಗಕ್ಕೆ ಅಟ್ಲಾಂಟಿಕ್ ಜೀವಿಗಳು' ಅನ್ನುವ ತಲೆಬರಹ ಪೂರ್ತಿ ಸುಳ್ಳಲ್ಲ, ಆದರೆ ಒಂದು ವರ್ಷದ ಬಾಟಲಿ ಹಿಡಿದು ಹಾಗೆ ಬರೆದರೆ ಮುಂದಿನ ವರ್ಷ ನಗೆಪಾಟಲು.

ಇದಕ್ಕಾಗಿಯೇ ಬೇಸಿಗೆಯ ಬಲೆ ಸಾಲದು, ವರ್ಷಪೂರ್ತಿ ನೀರನ್ನು ಕಾಯುವವರು ಬೇಕು. ಅದರಲ್ಲಿ ನಮ್ಮ ದೇಶದ ಪಾಲೂ ಇದೆ. ನ್ಯೂ-ಓಲೆಸುಂಡ್‌ನಲ್ಲಿ ಭಾರತದ ಹಿಮಾದ್ರಿ ಕೇಂದ್ರ 2008ರಲ್ಲಿ ಶುರುವಾಯಿತು. 2014ರ ಜುಲೈನಲ್ಲಿ ಕೊಂಗ್ಸ್‌ಫ್ಯೋರ್ಡನ್‌ನ 192 ಮೀಟರ್ ಆಳದಲ್ಲಿ ಇಂಡ್‌ಆರ್ಕ್ ಅನ್ನುವ ಉಪಕರಣಗಳ ಸರವನ್ನು ಇಳಿಸಿದರು. ನೀರು ಎಷ್ಟು ಬೆಚ್ಚಗಿದೆ, ಎಷ್ಟು ಉಪ್ಪಿದೆ ಅಂತ ಅದು ಬರೆದಿಡುತ್ತದೆ. ಅಂದರೆ ಹೈವೇ ನೀರು ಯಾವ ತಿಂಗಳು ಒಳಗೆ ಬಂತು ಅಂತ ಹೇಳುತ್ತದೆ. ಚಳಿಗಾಲದಲ್ಲಿ ಹಿಮಾದ್ರಿಯಲ್ಲಿ ಉಳಿಯುವ ಮೊದಲ ತಂಡ ಹೋದದ್ದು 2023ರ ಡಿಸೆಂಬರಿನಲ್ಲಿ. ಅದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು, ಆದರೆ ಅವರು ಹೋದದ್ದು ಪ್ಲಾಂಕ್ಟನ್‌ಗಲ್ಲ, ಅಲ್ಲಿ ರೇಡಿಯೋ ತರಂಗಗಳ ಗದ್ದಲ ಎಷ್ಟು ಕಡಿಮೆ ಅಂತ ಅಳೆಯಲು.

ಚಳಿಗಾಲ ಅಂದಾಗ ನೆನಪಾಯಿತು. ಅಲ್ಲಿ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಆ ಕತ್ತಲಲ್ಲಿ ಎಲ್ಲ ಮಲಗಿರುತ್ತವೆ ಅಂತ ದಶಕಗಳ ಕಾಲ ಅಂದುಕೊಂಡಿದ್ದರು. ನೀರಿನಡಿ ಶಬ್ದ ಕಳಿಸಿ ಪ್ರತಿಧ್ವನಿ ಕೇಳುವ ಯಂತ್ರಗಳನ್ನು ಇಟ್ಟ ಮೇಲೆ ಬೇರೆಯದೇ ಕಂಡಿತು. ಎಷ್ಟೋ ಪ್ಲಾಂಕ್ಟನ್ ಕತ್ತಲಲ್ಲೂ ಮೇಲೆ ಕೆಳಗೆ ಓಡಾಡುತ್ತಲೇ ಇವೆ. 2016ರಲ್ಲಿ ಪ್ರಕಟವಾದ ಕೆಲಸದಲ್ಲಿ ಇನ್ನೂ ಸೊಗಸಾದ ಸಂಗತಿ ಇದೆ: ನಡು ಚಳಿಗಾಲದಲ್ಲಿ ಅವುಗಳ ದಿನ 24 ಗಂಟೆಯದಲ್ಲ, 24.8 ಗಂಟೆಯದು. ಅದು ಚಂದ್ರನ ದಿನ. ಹುಣ್ಣಿಮೆ ಹತ್ತಿರ ಬಂದರೆ 50 ಮೀಟರ್ ಆಳಕ್ಕೆ ಇಳಿದುಬಿಡುತ್ತವೆ, ಬೆಳದಿಂಗಳಲ್ಲಿ ಬೇಟೆಗಾರರ ಕಣ್ಣಿಗೆ ಬೀಳುತ್ತೇವೆ ಅಂತ. ಇಷ್ಟು ಬೆಳಕಿಗೇ ಹೆದರುವ ಜೀವಿಗಳನ್ನು ಎಣಿಸಲು ನಾವು ಕಲ್ಯಾಣ ಮಂಟಪದಂತೆ ಲೈಟ್ ಹಾಕಿಕೊಂಡ ಹಡಗಿನಲ್ಲಿ ಹೋಗುತ್ತೇವೆ. ಹಡಗಿನ ಬೆಳಕು 200 ಮೀಟರ್ ಆಳದವರೆಗೂ ಪ್ಲಾಂಕ್ಟನ್ ಮತ್ತು ಮೀನುಗಳ ವರ್ತನೆ ಕೆಡಿಸುತ್ತದೆ ಅಂತ 2020ರಲ್ಲಿ ಗೊತ್ತಾಯಿತು. ಚಳಿಗಾಲದ ಹಳೆಯ ಎಣಿಕೆಗಳನ್ನು ಇನ್ನು ಹೇಗೆ ನಂಬುವುದು?

ಹೆಸರೇ ತಪ್ಪಿದ್ದರೆ

ಈಗ ಜಗಳಕ್ಕೆ ಬರೋಣ. ಫಿನ್‌ಮಾರ್ಕಿಕಸ್, ಗ್ಲೇಸಿಯಾಲಿಸ್ ನೋಡಲು ಹೆಚ್ಚುಕಮ್ಮಿ ಒಂದೇ. ಫಿನ್‌ಮಾರ್ಕಿಕಸ್‌ಗೆ 1770ರಲ್ಲೇ ಹೆಸರಿಟ್ಟಿದ್ದರು. ಗ್ಲೇಸಿಯಾಲಿಸ್ ಬೇರೆ ಜಾತಿ ಅಂತ ರಷ್ಯಾದ ಯಾಶ್ನೋವ್ ಗುರುತಿಸಿದ್ದು 1955ರಲ್ಲಿ. ಅಂದರೆ ಅದಕ್ಕಿಂತ ಹಿಂದಿನ ದಾಖಲೆಗಳಲ್ಲಿ ಇಬ್ಬರಿಗೂ ಒಂದೇ ಹೆಸರು. 1955ರ ನಂತರ ಇಬ್ಬರನ್ನೂ ಬೇರೆ ಮಾಡಿದ್ದು ಬಹುಮಟ್ಟಿಗೆ ಅಳತೆಪಟ್ಟಿಯಿಂದ: ಮೈಯ ಮುಂಭಾಗ ಇಷ್ಟು ಮಿಲಿಮೀಟರಿಗಿಂತ ಉದ್ದ ಇದ್ದರೆ ಗ್ಲೇಸಿಯಾಲಿಸ್, ಗಿಡ್ಡ ಇದ್ದರೆ ಫಿನ್‌ಮಾರ್ಕಿಕಸ್.

2012ರಲ್ಲಿ ಸ್ವಾಲ್ಬಾರ್ಡ್ ಕಡೆಯ ಮಾದರಿಗಳ ಡಿಎನ್‌ಎ ನೋಡಿದವರು ಈ ವಿಂಗಡಣೆಯಲ್ಲಿ ತಪ್ಪು ಬಹಳ ಅಂದರು. ನಾರ್ವೆಯ ಬೋಡೋ ನಗರದ ನಾರ್ಡ್ ವಿಶ್ವವಿದ್ಯಾಲಯದವರು 2017, 2018ರಲ್ಲಿ ಇನ್ನೂ ದೊಡ್ಡದಾಗಿ ನೋಡಿದರು. ಇಬ್ಬರ ಉದ್ದಗಳು ಒಂದರ ಮೇಲೊಂದು ಹಾಯುತ್ತವೆ, ಎಷ್ಟೋ ಕಡೆ ಗಿಡ್ಡ ಗ್ಲೇಸಿಯಾಲಿಸ್‌ಗಳನ್ನು ಫಿನ್‌ಮಾರ್ಕಿಕಸ್ ಅಂತ ಎಣಿಸಿಬಿಟ್ಟಿದ್ದರು. ಗ್ಲೇಸಿಯಾಲಿಸ್ ಇರುವುದೇ ಇಲ್ಲ ಅಂದುಕೊಂಡಿದ್ದ ನಾರ್ವೆಯ ದಕ್ಷಿಣದ ಕೆಲವು ಫ್ಯೋರ್ಡ್‌ಗಳಲ್ಲೂ ಅದು ಸಿಕ್ಕಿತು. ಗ್ರೀನ್‌ಲ್ಯಾಂಡಿನ ಡಿಸ್ಕೋ ಕೊಲ್ಲಿಯಲ್ಲಿ ಮೀಸೆ ಕೆಂಪಗಿದ್ದರೆ ಗ್ಲೇಸಿಯಾಲಿಸ್ ಅನ್ನುವ ಸುಲಭದ ಗುರುತು ಹೇಳಿದ್ದರು. ಬೇರೆ ಊರುಗಳಲ್ಲಿ ಆ ಗುರುತೂ ಕೈಕೊಟ್ಟಿತು.

ತೊಂದರೆ ಯಾವ ಕಡೆ ವಾಲಿದೆ ಗಮನಿಸಿ. ಗಿಡ್ಡವನ್ನೆಲ್ಲ ಬೆಚ್ಚನೆ ನೀರಿನ ಜಾತಿ ಅಂತ ಬರೆದರೆ, ಬೆಚ್ಚಗಿರುವ ಕೊಂಗ್ಸ್‌ಫ್ಯೋರ್ಡನ್‌ನಂಥ ಕಡೆ ಅಟ್ಲಾಂಟಿಕ್‌ನವರ ಪಾಲು ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಎರಡು ಫ್ಯೋರ್ಡ್‌ಗಳ ನಡುವಿನ ಫರಕೂ ಹಿಗ್ಗಿದಂತೆ ಕಾಣಬಹುದು. ಫರಕೇ ಇಲ್ಲ ಅಂತ ಇದರ ಅರ್ಥವಲ್ಲ, ತೆಮಿಸ್ಟೊಗಳೂ ನೀರಿನ ಉಪ್ಪೂ ಬೇರೆಯಾಗಿಯೇ ಸಾಕ್ಷಿ ಹೇಳುತ್ತವೆ. ಆದರೆ ಹಳೆಯ ಪಟ್ಟಿಯ ಅಂಕಿಗಳನ್ನು ಹಾಗೆ ಹಾಗೆಯೇ ಎತ್ತಿ ಬಳಸುವಂತಿಲ್ಲ.

ಹತ್ತು ಪಟ್ಟು ಕೊಬ್ಬಿನ ಮಾತಿಗೂ ಪೆಟ್ಟು ಬಿತ್ತು. 2018ರ ಇನ್ನೊಂದು ಅಧ್ಯಯನ ಹೇಳಿದ್ದು ಇಷ್ಟು: ಕೊಬ್ಬು ನಿಂತಿರುವುದು ಮೈಯ ಗಾತ್ರದ ಮೇಲೆ, ಜಾತಿಯ ಹೆಸರಿನ ಮೇಲಲ್ಲ. ಒಂದೇ ಗಾತ್ರದ ಫಿನ್‌ಮಾರ್ಕಿಕಸ್, ಗ್ಲೇಸಿಯಾಲಿಸ್ ಪಕ್ಕಪಕ್ಕ ಇಟ್ಟರೆ ಎಣ್ಣೆ ಹೆಚ್ಚುಕಮ್ಮಿ ಅಷ್ಟೇ. ನೀರು ಬೆಚ್ಚಗಾದರೆ ಬೇಗ ಬೆಳೆದು ಬೇಗ ಮರಿ ಮಾಡುವುದರಿಂದ, ಸಮುದ್ರದ ಒಟ್ಟು ಕೊಬ್ಬು ಕಡಿಮೆಯಾಗದೆಯೂ ಇರಬಹುದು. ಈ ವಾದ ಮೀನಿನ ಬಾಯಿಗೆ, ತಿಮಿಂಗಿಲದ ಬಾಯಿಗೆ ಸರಿ. ಒಟ್ಟಿಗೆ ನುಂಗುವವರಿಗೆ ಒಟ್ಟು ಲೆಕ್ಕವೇ ಲೆಕ್ಕ. ಲಿಟಲ್ ಆಕ್‌ಗೆ ಮಾತ್ರ ಇದು ಸಮಾಧಾನ ಕೊಡುವುದಿಲ್ಲ ಅಂತ ನನಗೆ ಅನಿಸುತ್ತದೆ. ಅದು ಒಂದೊಂದೇ ಹೀರುವ ಹಕ್ಕಿ. ಒಂದು ದೊಡ್ಡ ಕಾಳಿನ ಬದಲು ಹತ್ತು ಸಣ್ಣ ಕಾಳು ಇಟ್ಟರೆ ಅದು ಹತ್ತು ಸಲ ಗಂಟಲು ಹಿಗ್ಗಿಸಬೇಕು, ಅಷ್ಟು ಹೊತ್ತು ಉಸಿರು ಹಿಡಿದು ನೀರಿನಡಿ ಇರಬೇಕು. ಹಕ್ಕಿಗೆ ಜಾತಿಯ ಹೆಸರು ಬೇಡ, ಗಾತ್ರ ಬೇಕು.

ಹಳೆಯ ಬಾಟಲಿಗಳನ್ನೇ ಮತ್ತೆ ತೆರೆದು ಡಿಎನ್‌ಎ ನೋಡಿ ಸರಿಮಾಡಬಾರದೇ ಅಂತ ಕೇಳಬಹುದು. ಅಲ್ಲೇ ಇರುವುದು ತೊಡಕು. 1990ರ ದಶಕದ ಬಾಟಲಿಗಳೆಲ್ಲ ಫಾರ್ಮಲಿನ್‌ನಲ್ಲಿವೆ. ಫಾರ್ಮಲಿನ್ ಮೈಯ ಆಕಾರವನ್ನು ಚೆನ್ನಾಗಿ ಕಾಪಾಡುತ್ತದೆ, ಡಿಎನ್‌ಎಯನ್ನು ಹಾಳು ಮಾಡುತ್ತದೆ. ಆದ್ದರಿಂದ ಈಗ ಬಲೆ ಎತ್ತಿದವರು ಸಿಕ್ಕಿದ್ದನ್ನು ಎರಡು ಪಾಲು ಮಾಡಿ ಒಂದನ್ನು ಫಾರ್ಮಲಿನ್‌ಗೆ, ಇನ್ನೊಂದನ್ನು ಆಲ್ಕೋಹಾಲ್‌ಗೆ ಹಾಕುತ್ತಾರೆ. 2006ಕ್ಕೆ ಮುಂಚೆ, ಮಂಜುಗಡ್ಡೆ ಇದ್ದ ದಿನಗಳಲ್ಲಿ ಎತ್ತಿದ ಆ ಬಾಟಲಿಗಳಲ್ಲಿ ಎಷ್ಟು ಗ್ಲೇಸಿಯಾಲಿಸ್ ಇತ್ತು ಅನ್ನುವುದಕ್ಕೆ ಇವತ್ತಿಗೂ ಆ ಅಳತೆಪಟ್ಟಿಯ ಲೆಕ್ಕವೇ ಗತಿ.